ತಿರುಗಿ ಹೇಳಬೇಕಾದ ಮಾತು

ಅಣ್ಣನ ಮಾತು ನನಗೆ ಎರಡೆರಡು ಸಲ ಕೇಳುತ್ತಿತ್ತು. ಮೊದಲು ಗೋಡೆಯಿಂದ, ಆಮೇಲೆ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಿಂದ. ನಡುವೆ ಉಗುಳು ನುಂಗುವಷ್ಟು ಹೊತ್ತು. ಅಷ್ಟರಲ್ಲಿ ಆ ದನಿ ಅವನ ಕಂಪ್ಯೂಟರಿನಿಂದ ಹೊರಟು, ಯಾವುದೋ ದೇಶದ ಯಾವುದೋ ಯಂತ್ರಕ್ಕೆ ಹೋಗಿ, ಅಲ್ಲಿಂದ ಮತ್ತೆ ನಮ್ಮೂರಿಗೆ, ನಮ್ಮ ಮನೆಗೆ, ಅದೇ ಗೋಡೆಯ ಈಚೆಗೆ ಬಂದಿರುತ್ತಿತ್ತು. ಗೋಡೆಯಿಂದ ಬಂದದ್ದು ನನ್ನ ಕಿವಿಗೆ ಬೀಳುತ್ತಿತ್ತು, ಆದರೆ ಲೆಕ್ಕಕ್ಕಿರಲಿಲ್ಲ. ಹೆಡ್‌ಫೋನಿನಲ್ಲಿ ಬಂದದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದೆ. ಯಾಕೆಂದರೆ ನಾನೂ ಅಣ್ಣನೂ ಮಾತು ಬಿಟ್ಟಿದ್ದೆವು.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮ ಇದೆ. ಮಾತು ಬಿಟ್ಟವರು ಮೂಗರಾಗುವುದಿಲ್ಲ, ಮುಖ ನೋಡಿ ಆಡುವುದಿಲ್ಲ ಅಷ್ಟೆ. ಹೇಳಬೇಕಾದ್ದನ್ನು ಕರುವಿಗೆ ಹೇಳುತ್ತಾರೆ, ಕೋಳಿಗೆ ಹೇಳುತ್ತಾರೆ, ಏನೂ ಸಿಗದಿದ್ದರೆ ಕಂಬಕ್ಕೆ ಹೇಳುತ್ತಾರೆ. ನಾನು ನಮ್ಮ ನಲ್ಲಿ ನಿಲ್ಲಿಸುವುದನ್ನು ಮರೆತ ದಿನ ಅಣ್ಣ ತನ್ನ ಕೊಟ್ಟಿಗೆಯಲ್ಲಿ ನಿಂತು, "ನೋಡ್ಲಾ ಕರ, ನಿಮ್ ಚಿಕ್ಕಪ್ಪನ ಮನೆ ನಲ್ಲಿ ಆಗ್ಲಿಂದ ಸುರೀತಾ ಅದೆ. ಕಾವೇರಿ ಅಲ್ಲೇ ಉಟ್ಟದೇನೋ" ಅಂದ. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ನಿಲ್ಲಿಸಿ, ನಮ್ಮ ಹುಂಜಕ್ಕೆ, "ಪಕ್ಕದ್ ಮನೆ ಮೇಲೇ ಕಣ್ಣಿರೋರ್ಗೆ ಅವ್ರ ಸೂರು ಸೋರೋದು ಕಾಣಕಿಲ್ಲ ಬುಡು" ಅಂದೆ. ಮಾತು ಬಿಟ್ಟದ್ದು ನಾವು ಗಂಡಸರಿಬ್ಬರು ಮಾತ್ರ. ನನ್ನ ಹೆಂಡತಿಯೂ ಅತ್ತಿಗೆಯೂ ಹಿತ್ತಿಲಲ್ಲಿ ಸೊಪ್ಪು ಸೋಸಿಕೊಂಡು ಚೆನ್ನಾಗಿಯೇ ಇದ್ದರು. ಜಗಳ ಸಾಕುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ, ಹೊಗೆಸೊಪ್ಪು ಬೆಳೆಯುವ ಊರು. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಹಜಾರದ ನಡುವೆ ಗೋಡೆ ಎದ್ದಾಗ ಯಾರಿಗೂ ಬೇಸರವಿರಲಿಲ್ಲ. ಗಾರೆಯವನಿಗೆ ಟೀ ಕೊಟ್ಟು ನಾವಿಬ್ಬರೂ ಜಗಲಿಯಲ್ಲಿ ಕೂತು ಕುಡಿದೆವು. ಕೆಟ್ಟದ್ದು ಹೊಲ ಅಳೆಸಿದಾಗ. ಅಪ್ಪ ಹೊಲದ ನಡುವೆ ಒಂದು ಬದು ಹಾಕಿದ್ದ. ಹಸು ನಡೆದ ಹಾದಿಯ ಹಾಗೆ ಡೊಂಕುಡೊಂಕು. ಅದರ ಪಡುವಲ ಭಾಗ ಅಣ್ಣನಿಗೆ, ಮೂಡಲ ಭಾಗ ನನಗೆ ಅಂತ ಬಾಯಿಮಾತಿನಲ್ಲಿ ಆಗಿತ್ತು. ಪಡುವಲ ಭಾಗದ ಹೊಂಗೆ ಮರದ ಕೆಳಗೆ ಅಪ್ಪನನ್ನು ಮಣ್ಣು ಮಾಡಿದ್ದೆವು. ನಮ್ಮಲ್ಲಿ ಹೊಲದಲ್ಲೇ ಮಣ್ಣು ಮಾಡುವುದು. ಹಿರಿಯ ಮಗನ ಪಾಲಿನಲ್ಲಿ ಅಪ್ಪ ಇರುವುದು ಸರಿಯೇ ಅಂತ ಎಲ್ಲರೂ ಒಪ್ಪಿದ್ದರು.

ಕಾಗದಕ್ಕಾಗಿ ಸರ್ವೆಯವರು ಬಂದರು. ಸರಪಳಿ ತರಲಿಲ್ಲ. ಒಂದು ಕೋಲು, ಅದರ ನೆತ್ತಿಯ ಮೇಲೆ ತಟ್ಟೆಯಂಥ ಒಂದು ಯಂತ್ರ. ಉಪಗ್ರಹಗಳನ್ನು ವಿಚಾರಿಸಿ ಕಾಲಡಿಯ ಜಾಗ ಯಾವುದೆಂದು ಹೇಳುವ ಜಿಪಿಎಸ್ ಯಂತ್ರ. ಹುಡುಕಿ ಹುಡುಕಿ ಕೋಲು ಊರಿದರು, ಕಲ್ಲು ನೆಟ್ಟರು. ದಾಖಲೆಯ ಗೆರೆ ನೆಟ್ಟಗೆ ಹೊಂಗೆ ಮರದ ಆಚೆಯಿಂದ ಹೋಯಿತು. ಮರವೂ ಅಪ್ಪನೂ ನನ್ನ ಕಡೆ ಬಂದರು.

ಅಣ್ಣ ಕಲ್ಲನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ. "ಅಂಗಾರೆ ಅಪ್ಪ ಆಕಿದ್ ಬದು ಸುಳ್ಳಾ?" ಅಂದ.

"ಸುಳ್ಳಲ್ಲ ಕಣಣ್ಣ, ಡೊಂಕು" ಅಂದೆ.

ಅಷ್ಟಕ್ಕೇ ಅವನು ನನ್ನ ಕಡೆ ತಿರುಗಿ, ಸರ್ವೆಯವರ ಎದುರಿಗೇ, "ನೀನು ಅಪ್ಪಂಗುಟ್ಟಿದೋನಲ್ಲ ಕಣ್ಲಾ. ಆ ಸ್ಯಾಟಲೈಟ್‌ಗುಟ್ಟಿದೋನು" ಅಂದ. ಅದೇ ಕೊನೆ. ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ. ಯಂತ್ರ ಹೇಳಿದ್ದು ಸರಿ ಅಂತ ಇವತ್ತಿಗೂ ಹೇಳುತ್ತೇನೆ. ಸರಿಯಾದದ್ದನ್ನು ಸರಿ ಅಂದವನ ಹುಟ್ಟನ್ನು ಯಾಕೆ ಎಳೆಯಬೇಕಿತ್ತು?

ಆಮೇಲೆ ಅಣ್ಣ ಆ ಕಲ್ಲು ದಾಟಲಿಲ್ಲ. ಪಿತೃಪಕ್ಷದಲ್ಲಿ ತನ್ನ ಗಡಿಯೊಳಗೇ ನಿಂತು, ಕಲ್ಲಿನ ಬುಡದಲ್ಲಿ ಎಡೆ ಇಟ್ಟು, ಅಪ್ಪನ ಕಡೆ ಮುಖ ಮಾಡಿ ಕೈ ಮುಗಿದು ಹೋಗುತ್ತಿದ್ದ. ನಾನು ಮರದ ಬುಡದಲ್ಲಿ ಇಡುತ್ತಿದ್ದೆ. ಒಂದೇ ಅಪ್ಪನಿಗೆ ಎರಡು ಎಲೆ. ಕಾಗೆಗೆ ಲಾಭ.

ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇದೆ: ಝೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ. ಇಡೀ ದಿನ ಬೇರೆಯವರ ಹೆಸರು, ಬೇರೆಯವರ ತಂದೆಯ ಹೆಸರು ಟೈಪು ಮಾಡಿ ತಲೆ ಕೆಟ್ಟುಹೋಗುತ್ತದೆ. ಮನೆಗೆ ಬಂದು ಕೈಕಾಲು ತೊಳೆದು ನಾನು ವಿಮಾನ ಓಡಿಸಲು ಕೂರುತ್ತೇನೆ. ನಿಜವಾದ ವಿಮಾನದಲ್ಲಿ ಈವರೆಗೆ ಕೂತಿಲ್ಲ. ಇದು ಕಂಪ್ಯೂಟರಿನ ವಿಮಾನ, ಫ್ಲೈಟ್ ಸಿಮ್ಯುಲೇಟರ್. ಆಟ ಅಂದರೆ ನನಗೆ ಸಿಟ್ಟು ಬರುತ್ತದೆ. ಅದರಲ್ಲಿ ಗಾಳಿ ಇದೆ, ಮಳೆ ಇದೆ, ಇಂಧನ ಮುಗಿಯುತ್ತದೆ, ತಪ್ಪು ಮಾಡಿದರೆ ಬೀಳುತ್ತೀರಿ. ಮೈಸೂರಿನ ಮಂಡಕಳ್ಳಿಯಿಂದ ಎದ್ದು ಹುಣಸೂರಿನ ಮೇಲೆ ಬಂದು, ಬಲಕ್ಕೆ ಹೊರಳಿ ಕೆ.ಆರ್. ನಗರ, ಸಾಲಿಗ್ರಾಮ, ಕಾವೇರಿ ನೋಡಿಕೊಂಡು ವಾಪಸು ಇಳಿಯುವುದು ನನ್ನ ಮಾಮೂಲಿ ಸುತ್ತು. ಕೆಲವು ಸಲ ತೆಂಕಲಿಗೆ ಹೋಗಿ ಬೀಚನಹಳ್ಳಿಯ ಕಟ್ಟೆಯ ನೀರು ನೋಡಿ ಬರುತ್ತಿದ್ದೆ.

ವಿಮಾನದೊಳಗೆ ಜಿಪಿಎಸ್ ಪರದೆ ಇರುತ್ತದೆ. ಎಲ್ಲಿಂದ ಎಲ್ಲಿಗೆ ಅಂತ ಒತ್ತಿದರೆ ಒಂದು ನೇರಳೆ ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಹೋದರಾಯಿತು, ಮೋಡವೇ ಮುಚ್ಚಲಿ, ಗುಡ್ಡವೇ ಅಡ್ಡ ಬರಲಿ. ನನಗೆ ಆ ಗೆರೆ ಅಂದರೆ ಪ್ರಾಣ. ಅದಕ್ಕೆ ಯಾರ ಮುಲಾಜೂ ಇಲ್ಲ.

ಕೆಳಗೆ ಕಾಣುವ ನೆಲ ನಿಜವಾದ ನೆಲದ ಫೋಟೋ, ಉಪಗ್ರಹ ತೆಗೆದದ್ದು. ಹಳೆಯ ಫೋಟೋ. ಮೊದಲ ಸಲ ನಮ್ಮೂರ ಮೇಲೆ ತಗ್ಗಿ ಹಾರಿದಾಗ ನಮ್ಮ ಹೊಲ ಕಂಡಿತು, ಹೊಂಗೆ ಮರದ ಕರಿ ಚುಕ್ಕೆ ಕಂಡಿತು, ನಡುವೆ ಅಪ್ಪನ ಬದು ಡೊಂಕುಡೊಂಕಾಗಿ ಹಾಗೇ ಇತ್ತು. ಆಮೇಲೆ ನಾನು ಅದನ್ನು ಉತ್ತು ಸಮ ಮಾಡಿದ್ದೆ. ಆದರೆ ಆ ಆಕಾಶದಿಂದ ನೋಡಿದರೆ ಇನ್ನೂ ಇತ್ತು. ನಾನು ಬೇಗ ಎತ್ತರಕ್ಕೆ ಏರಿದೆ.

ಈ ವಿಮಾನ ಓಡಿಸುವ ಹುಚ್ಚರದ್ದೇ ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ಗುಂಪಿದೆ. ಅದರಲ್ಲಿ ಕೆಲವರು ವಿಮಾನ ಓಡಿಸುತ್ತಾರೆ, ಕೆಲವರು ಕಂಟ್ರೋಲರ್ ಆಗಿ ಕೂರುತ್ತಾರೆ. ಕಂಟ್ರೋಲರ್ ಅಂದರೆ ನೆಲದ ಮೇಲೆ ಕೂತು, ರೇಡಾರ್ ಪರದೆಯಲ್ಲಿ ನಮ್ಮ ಚುಕ್ಕೆ ನೋಡುತ್ತ, ಎಡಕ್ಕೆ ತಿರುಗು, ಇಷ್ಟು ಇಳಿ, ಈಗ ನೆಲ ಮುಟ್ಟು ಅಂತ ಅಪ್ಪಣೆ ಕೊಡುವವನು. ಸಣ್ಣ ಪರೀಕ್ಷೆ ಪಾಸಾದರೆ ಯಾರು ಬೇಕಾದರೂ ಕೂರಬಹುದು. ದೊಡ್ಡ ದೊಡ್ಡ ಊರುಗಳಿಗೆ ಕಂಟ್ರೋಲರುಗಳ ನೂಕುನುಗ್ಗಲು. ನಮ್ಮ ಆಕಾಶಕ್ಕೆ ಯಾರೂ ದಿಕ್ಕಿರಲಿಲ್ಲ. ನಾನೊಬ್ಬನೇ ಯಾರೂ ಕೇಳದ ರೇಡಿಯೋದಲ್ಲಿ, ಹುಣಸೂರು ಮೇಲಿದ್ದೇನೆ, ಬಲಕ್ಕೆ ಹೊರಳುತ್ತಿದ್ದೇನೆ ಅಂತ ಇಂಗ್ಲಿಷಿನಲ್ಲಿ ಹೇಳಿಕೊಂಡು ಹಾರುತ್ತಿದ್ದೆ.

ಒಂದು ಸಂಜೆ ಗೋಡೆಯಾಚೆ ಅಣ್ಣ ಇಂಗ್ಲಿಷಿನಲ್ಲಿ ಏನೋ ಅಂದದ್ದು ಕೇಳಿತು. ಮರುಗಳಿಗೆ ಅದೇ ಮಾತು ನನ್ನ ಕಿವಿಯೊಳಗೆ ಬಂತು. "ಮೈಕ್ ಟ್ಯಾಂಗೋ, ಮೈಸೂರ್ ಅಪ್ರೋಚ್. ರೇಡಾರ್ ಕಾಂಟ್ಯಾಕ್ಟ್." ಮೈಕ್ ಟ್ಯಾಂಗೋ ಅನ್ನುವುದು ನನ್ನ ವಿಮಾನದ ಗುರುತು. ನಿನ್ನನ್ನು ನೋಡಿದೆ ಅಂತ ಅದರ ಅರ್ಥ.

ವಿಮಾನ ಒಂದು ಪಕ್ಕಕ್ಕೆ ವಾಲಿತು.

ಅಣ್ಣ ಅರಣ್ಯ ಇಲಾಖೆಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವನು. ವೀರನಹೊಸಹಳ್ಳಿಯ ಕಡೆ ಕಾಡಂಚಿನ ಕೋಣೆಯಲ್ಲಿ ಕೂತು, ಕಾಡೊಳಗೆ ಹೋದ ವಾಚರುಗಳಿಗೆ ಆನೆ ಎಲ್ಲಿದೆ, ಬೆಂಕಿ ಎತ್ತ ತಿರುಗಿದೆ ಅಂತ ಹೇಳುತ್ತ ಇಡೀ ಸರ್ವೀಸು ಕಳೆದಿದ್ದ. ದನಿಯಲ್ಲೇ ಜನರನ್ನು ನಡೆಸಿ ಅಭ್ಯಾಸ. ನಿವೃತ್ತಿಯಾದ ಬೆನ್ನಲ್ಲೇ ಕಿಡ್ನಿ ಕೆಟ್ಟಿತು. ಮೈಸೂರಿಗೆ ಡಯಾಲಿಸಿಸ್ಸಿಗೆ ಹೋಗಿಬರುವುದು ಬಿಟ್ಟರೆ ಮನೆಯೇ ಗತಿ. ನಾನು ಆಕಾಶದಲ್ಲಿ ಒಬ್ಬನೇ ಬಡಬಡಿಸುವುದು ಗೋಡೆಯಿಂದ ಅವನಿಗೆ ದಿನಾ ಕೇಳುತ್ತಿತ್ತಂತೆ. ಎಚ್.ಡಿ. ಕೋಟೆಗೆ ಕೊಟ್ಟಿರುವ ಮಗಳು ಬಂದಾಗ ಅವಳಿಂದ ಕಂಪ್ಯೂಟರಿಗೆ ಎಲ್ಲ ಹಾಕಿಸಿಕೊಂಡು, ಕದ್ದು ಓದಿ, ಪರೀಕ್ಷೆ ಪಾಸು ಮಾಡಿದ್ದ. ಇದನ್ನೆಲ್ಲ ಅತ್ತಿಗೆ ನನ್ನ ಹೆಂಡತಿಗೆ ಹೇಳಿದ್ದು.

ಕಂಟ್ರೋಲರಿಗೂ ಪೈಲಟ್ಟಿಗೂ ನಡುವೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಅವನು ಕೊಟ್ಟ ಅಪ್ಪಣೆಯನ್ನು ಇವನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಅದಕ್ಕೆ ರೀಡ್‌ಬ್ಯಾಕ್ ಅಂತಾರೆ. ತಿರುಗಿ ಹೇಳಿದ್ದು ಸರಿ ಇದ್ದರೆ ಕಂಟ್ರೋಲರ್, "ರೀಡ್‌ಬ್ಯಾಕ್ ಕರೆಕ್ಟ್" ಅನ್ನುತ್ತಾನೆ. ತಿರುಗಿ ಹೇಳದಿದ್ದರೆ ಆ ಅಪ್ಪಣೆ ಕೊಟ್ಟ ಹಾಗೇ ಅಲ್ಲ.

ನಮ್ಮ ಮನೆಗಳಲ್ಲಿ ಇದು ತಿರುಗುಮುರುಗು. ಹಿರಿಯರು ಏನಾದರೂ ಹೇಳಿದರೆ ಕಿರಿಯರು ಹೂಂ ಅನ್ನಬೇಕು, ಅಷ್ಟೆ. ಅವರ ಮಾತನ್ನೇ ತಿರುಗಿ ಅಂದರೆ ಅಣಕಿಸಿದ ಹಾಗೆ. ಚಿಕ್ಕವನಿದ್ದಾಗ ಅಣ್ಣ "ಬಾಗ್ಲಾಕು" ಅಂದರೆ ನಾನೂ "ಬಾಗ್ಲಾಕು" ಅಂದು ಎಷ್ಟು ಏಟು ತಿಂದಿದ್ದೇನೋ. ಈಗ ಅದೇ ಅಣ್ಣ, ನಾನು ಅವನ ಮಾತನ್ನು ತಿರುಗಿ ಹೇಳದಿದ್ದರೆ ಬಿಡುತ್ತಿರಲಿಲ್ಲ. "ಟರ್ನ್ ಲೆಫ್ಟ್, ಹೆಡ್ಡಿಂಗ್ ಒನ್ ಎಯ್ಟ್ ಜೀರೋ" ಅಂತ ದಿಕ್ಕಿನ ಅಂಕಿ ಕೊಟ್ಟರೆ ಅಷ್ಟನ್ನೂ ಹೇಳಬೇಕು. ಒಂದು ಅಂಕಿ ನುಂಗಿದರೆ, "ನೆಗಟಿವ್. ಸೇ ಅಗೇನ್." ಕಾಡಿನ ಕೋಣೆಯ ದನಿ ಅದು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಹೇಳುತ್ತಿದ್ದೆ. ಸುತ್ತು ಮುಗಿದು ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ಒಬ್ಬರ ಮಾತನ್ನು ಒಬ್ಬರು ಎಷ್ಟೊಂದು ಗಮನವಿಟ್ಟು ಕೇಳಿರುತ್ತಿದ್ದೆವು. ಹುಟ್ಟಿದಾಗಿನಿಂದ ಕೇಳಿರಲಿಲ್ಲ ಅಷ್ಟೊಂದು.

ಅವನಿಗೆ ನನ್ನ ನೇರಳೆ ಗೆರೆ ಕಂಡರೆ ಆಗುತ್ತಿರಲಿಲ್ಲ. ನಾನು ಗೆರೆ ಹಿಡಿದು ನೆಟ್ಟಗೆ ಹೋಗುತ್ತಿದ್ದರೆ ಬೇಕೆಂತಲೇ ತಪ್ಪಿಸಿ ಕಾಡಿನ ಕಡೆಗೆ ತಿರುಗಿಸುತ್ತಿದ್ದ, ಅಲ್ಲಿಂದ ಕಟ್ಟೆಯ ಕಡೆಗೆ, ಅಲ್ಲಿಂದ ಮೂಡಲಿಗೆ. ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕರುವಿಗೆ, "ಗೆರೆ ನೋಡ್ಕಂಡೇ ಓಗೋನು ಗೆರೆ ಅಳಿಸೋದ್ರೆ ಏನ್ಮಾಡ್ತಾನ್ಲಾ?" ಅಂತ ಕೇಳುತ್ತಿದ್ದ. ನಾನು ಹುಂಜಕ್ಕೆ, "ಗೆರೆ ಅಳಿಸಕಿಲ್ಲ ಕಣೋ, ಅದು ಮ್ಯಾಲಿಂದ ಬರೋದು" ಅನ್ನುತ್ತಿದ್ದೆ.

ಒಂದು ದಿನ ಕರು ಕಾಣಲಿಲ್ಲ. ಅದನ್ನೂ ಅದರ ತಾಯಿಯನ್ನೂ ಮಾರಿದ್ದರು. ಅತ್ತಿಗೆಗೆ ಅಣ್ಣನನ್ನು ನೋಡಿಕೊಳ್ಳುವುದರ ಜೊತೆಗೆ ದನ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಆಮೇಲೆ ನನ್ನ ಹತ್ತಿರ ಆಡಲು ಅಣ್ಣನಿಗೆ ಕಂಟ್ರೋಲರ್ ಕುರ್ಚಿ ಒಂದೇ ಉಳಿಯಿತು.

ಅವನ ಕಾಯಿಲೆ ಎಲ್ಲಿಗೆ ಬಂದಿದೆ ಅಂತ ನನಗೆ ಗೊತ್ತಾಗುತ್ತಿದ್ದದ್ದು ಅಂಕಿಗಳಿಂದ. ಮೊದಲೆಲ್ಲ ಮೂರು ಅಂಕಿಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದವನು ಆಮೇಲೆ ನಡುವೆ ನಿಲ್ಲಿಸತೊಡಗಿದ. ಟೂ, ಅಂದು ಉಸಿರು ತೆಗೆದುಕೊಳ್ಳುತ್ತಿದ್ದ. ಸೆವೆನ್, ಅಂದು ಇನ್ನೊಂದು. ಅವನಿಗೆ ನೀರು ಅಳೆದು ಕೊಡಬೇಕಿತ್ತು. ಲೋಟ ಕೆಳಗಿಟ್ಟ ಸದ್ದಿನ ಹಿಂದೆಯೇ "ಇನ್ನೊಂದ್ ಗುಟ್ಕು ಕೊಡೆ" ಅನ್ನುವುದೂ, ಅತ್ತಿಗೆ ಸುಮ್ಮನಿರುವುದೂ ಗೋಡೆಯಿಂದ ಕೇಳುತ್ತಿತ್ತು. ಗೋಡೆಯಿಂದ ಬಂದದ್ದು ಲೆಕ್ಕಕ್ಕಿಲ್ಲ ಅಂದೆನಲ್ಲ. ಸಂಕಟಕ್ಕೆ ಆ ಲೆಕ್ಕ ಗೊತ್ತಿಲ್ಲ. ನಾನು ನನ್ನ ಲೋಟ ಮುಟ್ಟದೆ ಕೂತಿರುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ, "ಬಾವ ಅವ್ರಪ್ಪನ ಪಕ್ಕದಲ್ಲೇ ಮಣ್ಣಾಗ್ಬೇಕು ಅಂತವ್ರಂತೆ. ಅಕ್ಕ ಅಂತಿದ್ರು" ಅಂದಳು.

ಅಪ್ಪ ಇದ್ದದ್ದು ನನ್ನ ಕಡೆ, ಕಲ್ಲಿನ ಈಚೆಗೆ.

"ಕೇಳ್ಲಿ" ಅಂದೆ.

"ನೀವೇ ಒಂದ್ಮಾತು ಆಗ್ಲಿ ಅನ್ಬಾರ್ದಾ?"

"ಅಪ್ಪಂಗುಟ್ಟಿದೋನಲ್ಲ ಅಂದಿದ್ ಯಾರು? ನಾನಾ? ಕಾಲಿಗ್ ಬೀಳದ್ ಬ್ಯಾಡ. ಒಂದ್ ಮಾತ್ ಕೇಳ್ಲಿ, ಕೊಡ್ತೀನಿ."

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಎದ್ದುಹೋದಳು. ಕೊಡುವುದಿಲ್ಲ ಅಂತ ನನ್ನ ಮನಸ್ಸಿನಲ್ಲಿ ಒಂದು ದಿನವೂ ಇರಲಿಲ್ಲ. ಆದರೆ ಅವನ ಬಾಯಿಂದ ಬರಬೇಕಿತ್ತು. ಕಂಬಕ್ಕೆ ಹೇಳಿದರೂ ಸಾಕಿತ್ತು, ನಾನು ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವನು ಕೇಳಲಿಲ್ಲ. ದಿನಾ ಸಂಜೆ ಬಂದು ಕೂತು, ಉಸಿರು ಕಟ್ಟಿಕೊಂಡು, ಎಡಕ್ಕೆ ತಿರುಗು ಬಲಕ್ಕೆ ತಿರುಗು ಅಂದ. ನಾನು ಅವನು ಅಂದದ್ದನ್ನು ತಿರುಗಿ ಅಂದೆ. ಕೇಳಬೇಕಾದ್ದೊಂದನ್ನು ಬಿಟ್ಟು ಉಳಿದೆಲ್ಲ ಮಾತೂ ನಮ್ಮ ನಡುವೆ ನಡೆದವು.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಹಿತ್ತಿಲಿನಿಂದ ಬಂದು, "ಇವತ್ತು ಬಾವ ವಿಮಾನ ಓಡಿಸ್ತಾರಂತೆ. ನೀವು ಕಂಟ್ರೋಲಿಗೆ ಕೂತ್ಕಬೇಕಂತೆ" ಅಂದಳು. ಆ ಕುರ್ಚಿಯ ಪರೀಕ್ಷೆ ನನ್ನದೂ ಯಾವಾಗಲೋ ಆಗಿತ್ತು. ಎಂದೂ ಕೂತಿರಲಿಲ್ಲ. ರೇಡಾರ್ ಪರದೆ ತೆರೆದೆ. ಗುಂಪಿನ ಬೇರೆ ಯಾರೂ ಆ ಹೊತ್ತು ನಮ್ಮ ಆಕಾಶದಲ್ಲಿರಲಿಲ್ಲ. ಮಂಡಕಳ್ಳಿಯಲ್ಲಿ ಒಂದು ಚುಕ್ಕೆ ಕಾದಿತ್ತು.

ಹಾರಲು ಅಪ್ಪಣೆ ಕೊಟ್ಟೆ. ಅವನು ತಿರುಗಿ ಹೇಳಬೇಕಿತ್ತು. ಹೇಳಲಿಲ್ಲ. ತನ್ನ ವಿಮಾನದ ಗುರುತನ್ನು ಮಾತ್ರ ಹೇಳಿ ಹೊರಟ. ನಮ್ಮ ಮನೆಯ ಹೂಂ ಅದು. ಹುಣಸೂರಿನ ಕಡೆ ತಿರುಗು ಅಂದೆ. ಮತ್ತೆ ಗುರುತು ಮಾತ್ರ. ಇಷ್ಟು ದಿನ ನನ್ನಿಂದ ಒಂದೊಂದು ಅಂಕಿಯನ್ನೂ ಕಕ್ಕಿಸಿದ ಮನುಷ್ಯ. ನಾನು ನೆಗಟಿವ್, ಸೇ ಅಗೇನ್ ಅನ್ನಬೇಕಿತ್ತು. ಅನ್ನಲಿಲ್ಲ. ಅಣ್ಣನ ಬಾಯಿಂದ ನನ್ನ ಮಾತು ಹೇಳಿಸಲು ನನಗೇ ಮುಜುಗರವಾಯಿತು.

ಅವನು ಜಿಪಿಎಸ್ ಹಾಕಿರಲಿಲ್ಲ ಅನ್ನುವುದು ಚುಕ್ಕೆ ಹೋಗುವ ರೀತಿಯಲ್ಲೇ ತಿಳಿಯುತ್ತಿತ್ತು. ರಸ್ತೆ ನೋಡಿಕೊಂಡು, ಬಸ್ಸು ಬರುವ ಹಾಗೆ ತಿರುವು ತಿರುವಿಗೂ ತಿರುಗುತ್ತ ಹುಣಸೂರಿಗೆ ಬಂದ. ಊರು ದಾಟಿ ನಮ್ಮ ಕಡೆ ಹೊರಳಿದ. ನಮ್ಮೂರು ಇರಬೇಕಾದ ಜಾಗಕ್ಕೆ ಬಂದು ತಗ್ಗಿದ. ಅಲ್ಲೇ ಸುತ್ತತೊಡಗಿದ. ಒಂದೇ ಕಡೆ, ಸಣ್ಣ ಸುತ್ತು. ಏನು ನೋಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ಹೊಂಗೆ ಮರದ ಕರಿ ಚುಕ್ಕೆ, ಅದರ ಈಚೆಗೆ ಅಪ್ಪನ ಬದು. ಅವನಿಗೆ ಅದು ಅಲ್ಲಿ ಇನ್ನೂ ಇದೆಯೆಂದು ಆಗ ತಾನೇ ಗೊತ್ತಾಗಿರಬೇಕು.

ಸುತ್ತುತ್ತಲೇ ಇದ್ದ. ಪೈಲಟ್ ಹೀಗೆ ಸುಮ್ಮನೆ ಸುತ್ತಿದರೆ ಕಂಟ್ರೋಲರ್ ಕೇಳುವ ಪ್ರಶ್ನೆ ಒಂದಿದೆ. ಏನು ಮಾಡಬೇಕೆಂದಿದ್ದೀರಿ, ತಿಳಿಸಿ. "ಸೇ ಇಂಟೆನ್ಷನ್ಸ್" ಅಂದೆ. ಪುಸ್ತಕದಲ್ಲಿ ಇದ್ದ ಹಾಗೆ.

ಗೋಡೆಯಾಚೆ ಕೆಮ್ಮು. ಲೋಟದ ಸದ್ದು. ಆಮೇಲೆ ಕನ್ನಡದಲ್ಲಿ, ಗೋಡೆಯಿಂದ ಮೊದಲು, ಹಿಂದೆಯೇ ನನ್ನ ಕಿವಿಯೊಳಗೆ:

"ಅಪ್ಪನ್ ಪಕ್ಕ ಜಾಗ ಬೇಕು."

ಮಾತು ಬಿಟ್ಟ ಮೇಲೆ ನನಗೆ ಅಂತ ಅವನು ಆಡಿದ ಮೊದಲ ಕನ್ನಡದ ಮಾತು. ಗುಂಡಿ ಒತ್ತಿ "ಅಪ್ರೂವ್ಡ್" ಅಂದೆ. ಅಂದೆನೋ, ಅನ್ನುತ್ತಿದ್ದೆನೋ, ಫ್ಯಾನು ನಿಧಾನವಾಯಿತು. ಕರೆಂಟು ಹೋಗಿತ್ತು. ಯುಪಿಎಸ್ ಕೀಂಗುಟ್ಟಿತು, ಪರದೆ ಉರಿಯುತ್ತಲೇ ಇತ್ತು, ಆದರೆ ವೈಫೈ ಡಬ್ಬಿಯ ದೀಪಗಳು ಆರಿದ್ದವು. ರೇಡಾರಿನಲ್ಲಿ ಚುಕ್ಕೆ ಇರಲಿಲ್ಲ. ನನ್ನ ಮಾತು ಹೊರಟಿತ್ತೋ ಇಲ್ಲವೋ ತಿಳಿಯುವ ದಾರಿ ಒಂದೇ, ಅವನು ತಿರುಗಿ ಹೇಳುವುದು. ಹೆಡ್‌ಫೋನಿನಲ್ಲಿ ಗಾಳಿಯೂ ಇರಲಿಲ್ಲ.

ಹೆಡ್‌ಫೋನು ಕಿತ್ತಿಟ್ಟು ಗೋಡೆಗೆ ಬಾಯಿ ಹತ್ತಿರ ಒಯ್ದು ಗಟ್ಟಿಯಾಗಿ ಅಂದೆ.

"ಆಗ್ಲಿ ಕಣಣ್ಣ. ಅಪ್ಪನ್ ಪಕ್ಕನೇ."

ಅಡುಗೆಮನೆಯಲ್ಲಿ ಹೆಂಡತಿಯ ಕೈಯ ಪಾತ್ರೆ ಸದ್ದು ನಿಂತಿತು. ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು, ಗೋಡೆಯ ಹತ್ತಿರಕ್ಕೆ. ಕಾದೆ. ಏನೂ ಬರಲಿಲ್ಲ. ಕರೆಂಟು ಬಂದ ಮೇಲೆ ಮತ್ತೆ ರೇಡಾರಿನ ಮುಂದೆ ಕೂತು ಸಂಜೆಯವರೆಗೂ ಕಾದೆ. ಅವನು ಬರಲಿಲ್ಲ. ಕೇಳಿದ್ದಾಯಿತು, ಕೊಟ್ಟಿದ್ದಾಯಿತು, ಇನ್ನು ಬೆಳಿಗ್ಗೆ ಮುಖ ನೋಡಿದರಾಯಿತು ಅಂದುಕೊಂಡೆ. ಎದೆ ಹಗುರವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಬೆಳಿಗ್ಗೆ ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುವ ವ್ಯಾನು ಬಂತು. ನಾನು ಜಗಲಿಯಲ್ಲಿ ನಿಂತಿದ್ದೆ. ಅಣ್ಣನನ್ನು ಇಬ್ಬರು ಹಿಡಿದು ಕೂರಿಸಿದರು, ಅತ್ತಿಗೆ ಪಕ್ಕದಲ್ಲಿ ಹತ್ತಿ ಕೂತರು. ಮುಖ ಊದಿಕೊಂಡಿತ್ತು. ನನ್ನ ಕಡೆ ನೋಡಿದ, ನೆಟ್ಟಗೆ, ಎಷ್ಟೋ ವರ್ಷದ ಮೇಲೆ. ಬಾಯಿ ತೆರೆದ. ನಾನು ಮೆಟ್ಟಿಲಿಳಿದೆ. ಡ್ರೈವರು ಬಾಗಿಲು ಎಳೆದ.

ಅಲ್ಲಿಂದ ಅವನು ಜೀವಂತ ವಾಪಸು ಬರಲಿಲ್ಲ. ಯಂತ್ರದ ಪಕ್ಕದಲ್ಲಿ ಮಲಗಿದ್ದಾಗಲೇ ಎದೆ ನಿಂತಿತಂತೆ.

ಹೆಣ ಜಗಲಿಯ ಮೇಲಿತ್ತು. ದೊಡ್ಡಪ್ಪನ ಮಗ, ನಮ್ಮಲ್ಲಿ ಈಗ ಹಿರಿಯ, ಗುಂಡಿ ಎಲ್ಲಿ ತೆಗೆಸೋದು ಅಂತ ಕೇಳಿದ. "ಅಪ್ಪನ ಪಕ್ಕ" ಅಂದೆ. ಜನ ನನ್ನನ್ನು ನೋಡಿದರು. ಅಣ್ಣನ ಮಗಳು ಅಳುತ್ತಲೇ, "ಇಲ್ಲ ಚಿಕ್ಕಪ್ಪ. ನಮ್ಮ ಗಡೀಲೇ ಮಾಡಿ ಅಂತ ವ್ಯಾನಲ್ಲಿ ಹೇಳವ್ರಂತೆ" ಅಂದಳು.

"ಇಲ್ಲ ಕಣವ್ವ, ನನ್ನೇ ಕೇಳವ್ನೆ. ನಾನು ಆಗ್ಲಿ ಅಂದಿವ್ನಿ."

"ಯಾವಾಗ್ ಕೇಳ್ದ?" ಅಂದ ದೊಡ್ಡಪ್ಪನ ಮಗ.

"ಭಾನುವಾರ. ಕಂಪ್ಯೂಟರಲ್ಲಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಹಿಂದೆ ನಿಂತಿದ್ದ ಒಬ್ಬ ಜಗಲಿಯ ಕಂಬಕ್ಕೆ ಹೇಳಿದ: "ಬದುಕಿದ್ದಾಗ ಮಾತಿಲ್ಲ. ಸತ್ಮೇಲೆ ಜಾಗ ಕೊಡಕ್ ಬತ್ತಾರೆ." ಸತ್ತವನ ಮಾತು ನಡೀಲಿ ಅಂತ ದೊಡ್ಡಪ್ಪನ ಮಗ ತೀರ್ಮಾನ ಮಾಡಿದ. ಅತ್ತಿಗೆ ಹೆಣದ ತಲೆದಿಕ್ಕಿನಲ್ಲಿ ಕೂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಲ್ಲಿನ ಆಚೆಗೆ, ಆದಷ್ಟು ಕಲ್ಲಿಗೆ ಹತ್ತಿರವಾಗಿ ಗುಂಡಿ ತೆಗೆದರು. ಅಪ್ಪನಿಗೂ ಅವನಿಗೂ ನಡುವೆ ಇರುವುದು ಆ ಗೆರೆ ಒಂದೇ. ಗೆರೆ ಇರಬೇಕಾದಲ್ಲೇ ಇದೆ, ಒಂದು ಗೇಣೂ ತಪ್ಪಿಲ್ಲ. ನಾನು ಮಣ್ಣು ಹಾಕಿದೆ. ಹೊಂಗೆಯ ನೆರಳು ಅವನ ತನಕ ಬರುತ್ತದೋ ಅಂತ ನೋಡಿದೆ. ಬರುತ್ತಿರಲಿಲ್ಲ.

ತಿಥಿಯ ದಿನ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಅವರ ಹಿತ್ತಿಲ ಬಾಗಿಲಲ್ಲಿ ಕೂತಿದ್ದೆ. ಅತ್ತಿಗೆ ಕಾಫಿ ತಂದುಕೊಟ್ಟು ಅಲ್ಲೇ ನಿಂತರು.

"ಅವತ್ತು ನೀನಂದಿದ್ದು ನಿಮ್ಮಣ್ಣಂಗೆ ಕೇಳ್ತು ಕಣಪ್ಪ" ಅಂದರು. "ನಿನ್ ದನಿ ಕೇಳಿದೇಟ್ಗೆ ಕುರ್ಚಿ ಎಳ್ಕಂಡು ಗೋಡೆಗೆ ಕಿವಿ ಕೊಟ್ಕಂಡ್ರು. ಏನಂತೆ ಅಂದೆ. ಆಗ್ಲಿ ಅಂದ ಅಂದ್ರು."

ನಾನು ಲೋಟ ಕೆಳಗಿಟ್ಟೆ. "ಮತ್ಯಾಕೆ ಅತ್ಗೆ, ನಿಮ್ ಗಡೀಲೇ ಮಾಡಿ ಅಂದ?"

"ನಾನೂ ಅದ್ನೇ ಕೇಳ್ದೆ. ಕೊಟ್ಟೋನ್ ಮಾತ್ನ ಇಸ್ಕಂಡೋನು ತಿರ್ಗ ಅನ್ಬೇಕು ಕಣೆ, ಇಲ್ದಿದ್ರೆ ಕೊಟ್ಟಂಗಲ್ಲ ಅಂದ್ರು. ಅಂದ್ಬುಡಿ ಮತ್ತೆ ಅಂದೆ. ಬಾಯಿ ತೆಗ್ದ್ರು. ತಮ್ಮನ್ ಮಾತು ಕಣೆ, ಅನ್ನಕಾಯ್ತಾ ಇಲ್ಲ ಅಂದ್ರು."

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಬೆಳಿಗ್ಗೆ ವ್ಯಾನಲ್ಲಿ ಅಂದ್ರು. ಹುಣ್ಸೂರು ದಾಟಿದ್ಮೇಲೆ ಸುರು ಮಾಡುದ್ರು, ಮೈಸೂರ್ಗಂಟಾನು ಅದೇ. 'ಆಗ್ಲಿ ಕಣಣ್ಣ. ಅಪ್ಪನ್ ಪಕ್ಕನೇ.' 'ಆಗ್ಲಿ ಕಣಣ್ಣ. ಅಪ್ಪನ್ ಪಕ್ಕನೇ.' ತನ್ಗೆ ತಾನೇ ಅಣ್ಣ ಅಂದ್ಕಳ್ಳೋರು. ಡ್ರೈವರು ತಿರ್ಗಿ ತಿರ್ಗಿ ನೋಡೋನು. ಈಗ ಅಂದ್ರಲ್ಲ, ಆಯ್ತಲ್ಲ ಅಂದೆ. ಅವ್ನಿಗ್ ಕೇಳ್ನಿಲ್ವಲ್ಲೇ ಅಂದ್ರು. ಅದ್ಕೇ, ನಾನು ವಾಪಸ್ ಬಂದು ಅವ್ನ್ ಮುಂದೆ ಅನ್ನೋಗಂಟ ಅದು ನನ್ ಜಾಗ ಅಲ್ಲ, ಬರ್ದೇ ಇದ್ರೆ ನಮ್ ಗಡೀಲೇ ಮಾಡಿ ಅಂದ್ರು."

ಹಿತ್ತಿಲಲ್ಲಿ ಖಾಲಿ ಕೊಟ್ಟಿಗೆ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ನನ್ಗೆ ಬಾಯಿಪಾಠ ಆಗೋಗದೆ" ಅಂದರು ಅತ್ತಿಗೆ. "ಆಗ್ಲಿ ಕಣಣ್ಣ. ಅಪ್ಪನ್ ಪಕ್ಕನೇ. ಇಷ್ಟೇ ಅಲ್ವಾ ನೀನಂದಿದ್ದು? ಸರ್ಯಾಗಿ ಅಂದವ್ರಾ ನಿಮ್ಮಣ್ಣ?"

"ಸರ್ಯಾಗದೆ ಅತ್ಗೆ" ಅಂದೆ.

ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.